ಉತ್ತರಕ್ಕೆ ಸಾಕ್ಷಿ ಯಾರು?

ಚಾಮರಾಜನಗರ–ಗುಂಡ್ಲುಪೇಟೆ ಸೀಮೆ ಅರಿಶಿನ, ಬಾಳೆ, ಸೂರ್ಯಕಾಂತಿ ಬೆಳೆಯುವ ಸೀಮೆ. ಅಲ್ಲಿನ ಉಡಿಗಾಲದಂಥ ಊರಿನ ಒಂದು ಮನೆಯಲ್ಲಿ ದ್ವಿತೀಯ ಪಿಯುಸಿ ಓದುವ ಮಗಳು ರಾತ್ರಿ ಊಟವಾದ ಮೇಲೆ ಕುಳಿತು ಸಿಇಟಿ ಲೆಕ್ಕ ಬಿಡಿಸುತ್ತಾಳೆಂದರೆ, ಆ ಮನೆಯ ಮಟ್ಟಿಗೆ ಅದು ಬದುಕಿನ ಪ್ರಶ್ನೆ. ಸರ್ಕಾರಿ ಕೋಟಾದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕರೆ ಒಂದು ದಾರಿ, ಸಿಗದಿದ್ದರೆ ಇನ್ನೊಂದು ದಾರಿ. ಅವಳು ನಾಲ್ಕು ಆಪ್ಷನ್‌ಗಳಲ್ಲಿ ಒಂದಕ್ಕೆ ಗುರುತು ಹಾಕುತ್ತಾಳೆ, ಪುಸ್ತಕದ ಕೊನೆಯ ಪುಟ ತಿರುಗಿಸುತ್ತಾಳೆ, ಕೀ ಆನ್ಸರ್ ನೋಡುತ್ತಾಳೆ. ಅಲ್ಲಿಯೂ ‘ಬಿ’, ಇಲ್ಲಿಯೂ ‘ಬಿ’. ರೈಟ್ ಹಾಕಿ ಮುಂದಿನ ಲೆಕ್ಕಕ್ಕೆ ಹೋಗುತ್ತಾಳೆ. ಈ ಒಂದು ಗಳಿಗೆಯೊಳಗೆ ನಮ್ಮ ದರ್ಶನಕಾರರು ಶತಮಾನಗಳ ಕಾಲ ತಲೆಕೆಡಿಸಿಕೊಂಡ ಪ್ರಶ್ನೆಯೊಂದು ಕುಳಿತಿದೆ. ಉತ್ತರ ಸರಿಯಾಯಿತು, ನಿಜ. ಆದರೆ ಅವಳಿಗೆ ಅದು ತಿಳಿಯಿತೇ? ಸರಿಯಾದ ಉತ್ತರ ಕೈಗೆ ಸಿಗುವುದು ಬೇರೆ, ಅದು ಸರಿಯೆಂದು ಅರಿಯುವುದು ಬೇರೆ ಎಂದಾದರೆ, ಆ ಎರಡರ ನಡುವಿನ ಅಂತರ ಎಷ್ಟು? ಅದಕ್ಕೆ ಬೆಲೆ ಇದೆಯೇ? ಇದೆ, ಮತ್ತು ಗಣಿತ ಒಬ್ಬ ವಿದ್ಯಾರ್ಥಿಗೆ ಕೊಡಬಲ್ಲ ಅತಿ ದೊಡ್ಡ ಸಂಪತ್ತು ಆ ಅಂತರದಲ್ಲೇ ಇದೆ ಎಂಬುದು ಈ ಲೇಖನದ ವಾದ.

ಮೊದಲು ಪರೀಕ್ಷೆಯ ಸ್ವರೂಪ ನೋಡೋಣ. ಕರ್ನಾಟಕದ ಸಿಇಟಿಯ ಗಣಿತ ಪತ್ರಿಕೆಯಲ್ಲಿ 60 ಪ್ರಶ್ನೆಗಳು, ಸಮಯ 80 ನಿಮಿಷ. ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಓದದೆ ಓಎಂಆರ್ ಶೀಟಿನ ವೃತ್ತಗಳನ್ನು ಕಣ್ಣುಮುಚ್ಚಿ ತುಂಬಿದರೂ ಸರಾಸರಿ ಲೆಕ್ಕದಲ್ಲಿ 15 ಅಂಕ ಬರುತ್ತದೆ. ಈ 15 ಉತ್ತರಗಳು ಸತ್ಯವಾದ ಉತ್ತರಗಳೇ. ಆದರೆ ಅವುಗಳ ಹಿಂದೆ ತಿಳಿವಿನ ಒಂದು ಕಣವೂ ಇಲ್ಲ. ಇಂಥದ್ದಕ್ಕೆ ನಮ್ಮಲ್ಲಿ ‘ಘುಣಾಕ್ಷರ ನ್ಯಾಯ’ ಎಂಬ ಹಳೆಯ ಹೆಸರಿದೆ. ಮರ ಕೊರೆಯುವ ಹುಳು ತನ್ನ ಪಾಡಿಗೆ ಕೊರೆಯುತ್ತ ಹೋಗಿ ಅಕ್ಷರದ ಆಕಾರ ಮೂಡಿದರೆ, ಹುಳುವಿಗೆ ಅಕ್ಷರ ಬರುತ್ತದೆಂದು ಯಾರೂ ಹೇಳುವುದಿಲ್ಲ. 12ನೇ ಶತಮಾನದ ದಾರ್ಶನಿಕ ಶ್ರೀಹರ್ಷ ತನ್ನ ‘ಖಂಡನಖಂಡಖಾದ್ಯ’ದಲ್ಲಿ ಇದನ್ನೇ ಇನ್ನಷ್ಟು ಹರಿತಗೊಳಿಸಿದ. ಒಬ್ಬ ಮುಷ್ಟಿಯಲ್ಲಿ ಐದು ಕವಡೆ ಹಿಡಿದು ಎಷ್ಟಿವೆ ಎಂದು ಕೇಳುತ್ತಾನೆ. ಇನ್ನೊಬ್ಬ ಬಾಯಿಗೆ ಬಂದಂತೆ ಐದು ಎನ್ನುತ್ತಾನೆ. ಅವನ ಮಾತು ವಸ್ತುಸ್ಥಿತಿಗೆ ಸರಿಯಾಗಿ ಹೊಂದುತ್ತದೆ, ಆದರೂ ಅದನ್ನು ಜ್ಞಾನ ಎನ್ನಬಹುದೇ? ಪಶ್ಚಿಮದಲ್ಲಿ ಎಡ್ಮಂಡ್ ಗೆಟಿಯರ್ 1963ರಲ್ಲಿ ಮೂರು ಪುಟಗಳ ಲೇಖನವೊಂದರಲ್ಲಿ ಇದಕ್ಕೆ ಹತ್ತಿರದ ಪ್ರಶ್ನೆ ಎತ್ತಿದಾಗ ಜ್ಞಾನಮೀಮಾಂಸೆಯ ಚರ್ಚೆಯೇ ದಿಕ್ಕು ಬದಲಿಸಿತು. ಶ್ರೀಹರ್ಷನ ಮುಷ್ಟಿಯ ಕವಡೆ ಮತ್ತು ಓಎಂಆರ್ ಶೀಟಿನ ವೃತ್ತ, ಎರಡೂ ಕೇಳುವುದು ಒಂದನ್ನೇ: ಸತ್ಯ ನಿನ್ನ ಬಾಯಲ್ಲಿ ಬಂತು, ಅದು ನಿನ್ನದಾಯಿತೇ?

ಈ ಪ್ರಶ್ನೆಯನ್ನು ಒಂದು ಲೆಕ್ಕದ ಮೇಲಿಟ್ಟು ನೋಡುವುದು ಒಳ್ಳೆಯದು. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ‘ಕವಿರಾಜಮಾರ್ಗ’ ಹುಟ್ಟಿದ ಕಾಲದಲ್ಲೇ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ. ಅದು ಅಭ್ಯಾಸದ ಲೆಕ್ಕಗಳು ತುಂಬಿರುವ ಗ್ರಂಥ. ಆ ಕಾಲದ ಪ್ರಾಕ್ಟೀಸ್ ಪುಸ್ತಕವೆಂದೇ ಕರೆಯಬಹುದು. ಅದರಲ್ಲೊಂದು ಮಾವಿನ ಹಣ್ಣಿನ ಲೆಕ್ಕ ಬರುತ್ತದೆ. ಮಾವಿನ ರಾಶಿಯಲ್ಲಿ ರಾಜ ಆರನೇ ಒಂದು ಭಾಗ ತೆಗೆದುಕೊಂಡ. ಉಳಿದದ್ದರಲ್ಲಿ ರಾಣಿ ಐದನೇ ಒಂದು ಭಾಗ ತೆಗೆದುಕೊಂಡಳು. ಆಮೇಲೆ ಮೂವರು ರಾಜಕುಮಾರರು ಉಳಿಯುತ್ತ ಹೋದದ್ದರಲ್ಲಿ ಕ್ರಮವಾಗಿ ನಾಲ್ಕನೇ ಒಂದು, ಮೂರನೇ ಒಂದು, ಅರ್ಧ ತೆಗೆದುಕೊಂಡರು. ಕೊನೆಯ ಮಗುವಿಗೆ ಮೂರು ಹಣ್ಣು ಉಳಿಯಿತು. ರಾಶಿಯಲ್ಲಿದ್ದ ಹಣ್ಣೆಷ್ಟು? ಇಂದಿನ ಪ್ರಶ್ನೆಪತ್ರಿಕೆಯಲ್ಲಿ ಇದು 12, 18, 24, 30 ಎಂಬ ನಾಲ್ಕು ಆಯ್ಕೆಗಳೊಂದಿಗೆ ಬಂತೆನ್ನಿ. ಟ್ರಿಕ್ ಕಲಿತ ವಿದ್ಯಾರ್ಥಿ 12 ಹಾಕಿ ನೋಡುತ್ತಾನೆ, ಕೊನೆಗೆ ಎರಡೇ ಉಳಿಯುತ್ತದೆ. 18 ಹಾಕುತ್ತಾನೆ, ಮೂರು ಉಳಿಯುತ್ತದೆ. ಗುರುತು ಹಾಕಿ ಮುಂದೆ ಹೋಗುತ್ತಾನೆ. ಒಂದು ಅಂಕ ಬಂತು. ಲೆಕ್ಕದೊಳಗೆ ಏನಿತ್ತು ಎಂಬುದನ್ನು ಅವನು ನೋಡಲೇ ಇಲ್ಲ.

ಅದರೊಳಗೆ ಇದ್ದದ್ದು ಒಂದು ಸೊಗಸು. ರಾಜ ಆರರಲ್ಲಿ ಒಂದು ಪಾಲು ತೆಗೆದರೆ ಐದು ಪಾಲು ಉಳಿಯಿತು. ರಾಣಿ ಆ ಐದರಲ್ಲಿ ಒಂದು ತೆಗೆದಳು, ನಾಲ್ಕು ಉಳಿಯಿತು. ನಾಲ್ಕರಲ್ಲಿ ಒಂದು, ಮೂರರಲ್ಲಿ ಒಂದು, ಎರಡರಲ್ಲಿ ಒಂದು ಹೋಗಿ ಕೊನೆಗೆ ಉಳಿದದ್ದೂ ಒಂದೇ ಪಾಲು. ಅಂದರೆ ಆರನೇ ಒಂದು, ಐದನೇ ಒಂದು, ಅರ್ಧ ಎಂದು ಕೇಳುವಾಗ ಹೆಚ್ಚುಕಡಿಮೆ ಎನಿಸಿದ ಪಾಲುಗಳೆಲ್ಲ ನಿಜದಲ್ಲಿ ಸಮ. ರಾಜನಿಗೂ ಮೂರು ಹಣ್ಣು, ಮಗುವಿಗೂ ಮೂರು ಹಣ್ಣು. ಇದನ್ನು ಕಂಡವಳಿಗೆ 18 ಎಂಬ ಉತ್ತರ ಆಪ್ಷನ್‌ಗಳಿಂದ ಬರಬೇಕಾಗಿಲ್ಲ. ಕೊನೆಗೆ ಉಳಿದದ್ದು ಐದಾಗಿದ್ದರೆ 30, ಹಂಚಿಕೊಂಡವರು ನೂರು ಮಂದಿಯಾಗಿದ್ದರೆ ನೂರು ಸಮಪಾಲು ಎಂದು ತಕ್ಷಣ ಹೇಳುತ್ತಾಳೆ. ಪುಸ್ತಕದ ಕೊನೆಯಲ್ಲಿ ಅಚ್ಚಿನ ತಪ್ಪಾಗಿ 24 ಎಂದಿದ್ದರೆ, ಕೀ ತಪ್ಪು ಎಂದು ಧೈರ್ಯವಾಗಿ ಹೇಳುತ್ತಾಳೆ. ಆಯ್ಕೆ ಹಾಕಿ ನೋಡಿದವನೂ ಈ ಒಂದು ಲೆಕ್ಕದಲ್ಲಿ ಕೀಯನ್ನು ಅಲ್ಲಗಳೆಯಬಲ್ಲ, ಒಪ್ಪುತ್ತೇನೆ. ಆದರೆ ಆಯ್ಕೆಗಳನ್ನು ತೆಗೆದುಬಿಟ್ಟರೆ ಅವನು ಎಲ್ಲಿಂದ ಶುರುಮಾಡಬೇಕು? ಅವನ ತಿಳಿವು ಪ್ರಶ್ನೆಪತ್ರಿಕೆ ಹಾಕಿಕೊಟ್ಟ ನಾಲ್ಕು ಗೂಟಗಳಿಗೆ ಕಟ್ಟಿದ ಹಸು. ಅವಳದು ತನ್ನ ಕಾಲ ಮೇಲೆ ನಿಂತದ್ದು.

ಈ ನಿಲುವಿಗೆ ಭಾರತೀಯ ಗಣಿತದಲ್ಲಿ ‘ಉಪಪತ್ತಿ’ ಎಂಬ ಹೆಸರಿದೆ. ಉತ್ತರ ಏಕೆ ಹೀಗೆಯೇ ಇರಬೇಕು, ಬೇರೆಯಾಗಿ ಇರಲು ಏಕೆ ಸಾಧ್ಯವಿಲ್ಲ ಎಂಬುದನ್ನು ತೋರಿಸುವ ಯುಕ್ತಿ ಅದು. 1150ರಲ್ಲಿ ‘ಸಿದ್ಧಾಂತಶಿರೋಮಣಿ’ ರಚಿಸಿದ ಭಾಸ್ಕರಾಚಾರ್ಯ, ಉಪಪತ್ತಿ ತಿಳಿಯದ ಗಣಿತಜ್ಞನಿಗೆ ವಿದ್ವಾಂಸರ ಸಭೆಯಲ್ಲಿ ಗೌರವ ಸಿಗುವುದಿಲ್ಲ ಎನ್ನುತ್ತಾನೆ. ಅಷ್ಟಕ್ಕೇ ನಿಲ್ಲದೆ ಇನ್ನೊಂದು ಮಾತು ಸೇರಿಸುತ್ತಾನೆ: ಉಪಪತ್ತಿ ಇಲ್ಲದವನು ಸ್ವತಃ ಸಂಶಯದಿಂದ ಬಿಡುಗಡೆ ಹೊಂದಲಾರ. ಸಭೆಯ ಗೌರವ ಹೊರಗಿನ ಫಲ. ಸಂಶಯದಿಂದ ಬಿಡುಗಡೆ ಒಳಗಿನ ಫಲ. ರ‍್ಯಾಂಕ್ ಮೊದಲನೆಯದಕ್ಕೆ ಸೇರಿದ್ದು. ಎರಡನೆಯದಕ್ಕೆ ಯಾವ ಪ್ರಾಧಿಕಾರವೂ ಪ್ರಮಾಣಪತ್ರ ಕೊಡಲಾರದು, ಕಸಿದುಕೊಳ್ಳಲೂ ಆಗದು. ಸಂಶಯದಿಂದ ಬಿಡುಗಡೆಯನ್ನು ನಮ್ಮ ಹಲವು ಧರ್ಮಗಳು ಸಾಧಕನ ದೊಡ್ಡ ಗಳಿಕೆಯೆಂದು ಎಣಿಸುತ್ತವೆ. ಹದಿನೇಳು ವರ್ಷದ ಒಂದು ಜೀವ ಅದರ ರುಚಿಯನ್ನು ಸಣ್ಣ ಪ್ರಮಾಣದಲ್ಲಾದರೂ ಕಲಬೆರಕೆಯಿಲ್ಲದೆ ಸವಿಯಬಲ್ಲ ಜಾಗಗಳಲ್ಲಿ ಬಿಡಿಸಿದ ಲೆಕ್ಕವೂ ಒಂದು.

ಹಾಗಾದರೆ ಹಿರಿಯರ ಮಾತಿಗೆ, ಶಾಸ್ತ್ರಕ್ಕೆ ಬೆಲೆಯಿಲ್ಲವೇ ಎಂದು ಕೇಳಬಹುದು. ಇಲ್ಲಿ ಮಹಾವೀರಾಚಾರ್ಯನ ಗ್ರಂಥವೇ ಪಾಠ ಹೇಳುತ್ತದೆ. ಸಂಖ್ಯೆಯೊಂದನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದು ಅವನು ಬರೆದ. ಅದು ತಪ್ಪು. ಐದನ್ನು ಸೊನ್ನೆಯಿಂದ ಭಾಗಿಸಿ ಐದೇ ಬಂದರೆ, ಆ ಐದನ್ನು ಸೊನ್ನೆಯಿಂದ ಗುಣಿಸಿದಾಗ ಐದು ಬರಬೇಕು, ಬರುವುದು ಸೊನ್ನೆ. ಇಂದಿನ ಹೈಸ್ಕೂಲು ಹುಡುಗಿಯೂ ಒಂದು ಸಾಲಿನಲ್ಲಿ ಇದನ್ನು ತೋರಿಸಬಲ್ಲಳು. ಅದೇ ಗ್ರಂಥದಲ್ಲಿ ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂಬ ಮಾತೂ ಇದೆ. ಅಲ್ಲಿ ಅವನು ಕಾರಣ ಕೊಡುತ್ತಾನೆ: ಋಣಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ. ವಾಸ್ತವ ಸಂಖ್ಯೆಗಳ ಮಟ್ಟಿಗೆ ಆ ಮಾತು ಇಂದಿಗೂ ನಿಂತಿದೆ. ಸಂಕೀರ್ಣ ಸಂಖ್ಯೆಗಳನ್ನು ಕಲಿಯುವ ಪಿಯುಸಿ ವಿದ್ಯಾರ್ಥಿನಿ ಆ ಕಾರಣದಿಂದಲೇ ಹೊಸ ಸಂಖ್ಯೆಗಳ ಅಗತ್ಯವನ್ನು ಅರಿಯುತ್ತಾಳೆ. ಒಬ್ಬನೇ ಆಚಾರ್ಯ, ಒಂದೇ ಗ್ರಂಥ. ಒಂದು ಮಾತು ಬಿದ್ದಿತು, ಒಂದು ನಿಂತಿತು. ಭಾಸ್ಕರ ಸೊನ್ನೆಯ ಭಾಗಾಕಾರವನ್ನು ‘ಖಹರ’ ಎಂದು ಕರೆದು, ಅದಕ್ಕೆ ಏನು ಕೂಡಿಸಿದರೂ ಕಳೆದರೂ ವ್ಯತ್ಯಾಸವಾಗದೆಂದು ಹೇಳಿ ಅನಂತನಾದ ಅಚ್ಯುತನಿಗೆ ಹೋಲಿಸಿದ. ಕಲ್ಪನೆ ಭವ್ಯವಾದದ್ದು, ಆದರೆ ಇಂದಿನ ಗಣಿತ ಅದನ್ನೂ ಹಾಗೆಯೇ ಒಪ್ಪದೆ, ಸೊನ್ನೆಯಿಂದ ಭಾಗಿಸುವುದನ್ನೇ ಬಿಟ್ಟು ಮಿತಿಯ ಭಾಷೆಯಲ್ಲಿ ಮಾತಾಡುತ್ತದೆ. ಪರಂಪರೆಯನ್ನು ಗೌರವಿಸುವುದೆಂದರೆ ಹಿರಿಯರು ಪರೀಕ್ಷಿಸಿದಂತೆ ನಾವೂ ಪರೀಕ್ಷಿಸುವುದು.

ಚಾಮರಾಜನಗರ ಸೀಮೆಗೆ ಈ ವಿಚಾರ ಹೊರಗಿನಿಂದ ಬಂದದ್ದೇನೂ ಅಲ್ಲ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಪ್ರಾಚೀನ ಜೈನ ಕ್ಷೇತ್ರ. ವ್ಯಾಕರಣಕಾರ, ದಾರ್ಶನಿಕ ಪೂಜ್ಯಪಾದರ ಹೆಸರಿನೊಂದಿಗೆ ಪರಂಪರೆ ಅದನ್ನು ಜೋಡಿಸುತ್ತದೆ. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದದ್ದು ‘ತತ್ತ್ವಾರ್ಥಸೂತ್ರ’ದ ಮೇಲೆ. ಆ ಸೂತ್ರಗ್ರಂಥ ಜ್ಞಾನವನ್ನು ಮತಿ, ಶ್ರುತ, ಅವಧಿ, ಮನಃಪರ್ಯಯ, ಕೇವಲ ಎಂದು ಐದು ಬಗೆಯಾಗಿ ಎಣಿಸುತ್ತದೆ. ಮತಿ ಎಂದರೆ ಇಂದ್ರಿಯ ಮನಸ್ಸುಗಳಿಂದ ತಾನೇ ಪಡೆದದ್ದು. ಶ್ರುತ ಎಂದರೆ ಕೇಳಿ, ಓದಿ ಬಂದದ್ದು. ಶ್ರುತಕ್ಕೆ ಮತಿಯೇ ಮುಂಚಿನ ಮೆಟ್ಟಿಲು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಕೇಳಿದ್ದು ನೆಲೆ ನಿಲ್ಲಬೇಕಾದರೆ ಅದನ್ನು ಹಿಡಿಯುವ ಮನಸ್ಸು ಮೊದಲು ಎಚ್ಚರವಾಗಿರಬೇಕು. ಸೂತ್ರಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ ಉರು ಹೊಡೆಯುವ ವಿದ್ಯಾರ್ಥಿ ಶ್ರುತವನ್ನು ಕೂಡಿಹಾಕುತ್ತಿದ್ದಾನೆ, ಮತಿಯನ್ನು ಮಲಗಿಸಿದ್ದಾನೆ. ಸೂತ್ರ ಬೇಡ ಎಂದು ನಾನು ಹೇಳುತ್ತಿಲ್ಲ. ನ್ಯಾಯದರ್ಶನವೂ ಆಪ್ತನ ಮಾತನ್ನು ಪ್ರಮಾಣವೆಂದು ಒಪ್ಪುತ್ತದೆ; ಆದರೆ ಆಪ್ತನೆಂದರೆ ವಿಷಯವನ್ನು ತಾನೇ ಕಂಡವನು. ಮೇಷ್ಟರ ಮಾತು ನಂಬಲರ್ಹವಾಗುವುದು ಅವರು ಕಂಡಿದ್ದಾರೆಂಬ ಕಾರಣಕ್ಕೆ. ಹಾಗಾದರೆ ಶಿಷ್ಯೆಯ ಗುರಿಯೂ ಒಮ್ಮೆ ತಾನು ಕಾಣುವುದೇ ಆಗಿರಬೇಕಲ್ಲವೇ?

ಶರಣರ ಕಾಯಕತತ್ತ್ವ ಈ ಮಾತನ್ನು ಇನ್ನೂ ಹತ್ತಿರಕ್ಕೆ ತರುತ್ತದೆ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವನ ಮಡದಿ ಲಕ್ಕಮ್ಮ ಅದನ್ನು ಒಪ್ಪಲಿಲ್ಲ, ಹೆಚ್ಚಿನದನ್ನು ಸುರಿದು ಬಾ ಎಂದು ಕಳಿಸಿದಳು. ಆ ಅಕ್ಕಿ ಕದ್ದದ್ದೇನೂ ಆಗಿರಲಿಲ್ಲ. ಆದರೆ ಅದು ತಮ್ಮ ಕಾಯಕದ ಅಳತೆಯನ್ನು ಮೀರಿತ್ತು. ಊಹೆಯಿಂದ ಸರಿಹೋದ ಉತ್ತರವೂ ಹಾಗೆಯೇ. ಪರೀಕ್ಷೆಯ ದಿನ ನಿಯಮವೇ ಅವಕಾಶ ಕೊಟ್ಟಿರುವಾಗ, ಕೊನೆಯ ನಿಮಿಷದಲ್ಲಿ ಖಾಲಿ ಉಳಿದ ವೃತ್ತ ತುಂಬುವುದು ಕಳ್ಳತನವಲ್ಲ, ಅದರಲ್ಲಿ ಅಧರ್ಮವೂ ಇಲ್ಲ. ಅಭ್ಯಾಸದ ಪುಸ್ತಕದ ಮಾತು ಬೇರೆ. ಅಲ್ಲಿ ಊಹೆಯ ಉತ್ತರಕ್ಕೆ ರೈಟ್ ಹಾಕಿಕೊಂಡರೆ ಮೋಸಹೋಗುವವರು ನಾವೇ, ಮೋಸಮಾಡುವವರೂ ನಾವೇ. ಆ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿಯಬೇಕು: ‘ಉತ್ತರ ಸರಿ, ಕಾರಣ ಗೊತ್ತಿಲ್ಲ’ ಎಂದು ಪಕ್ಕದಲ್ಲಿ ಬರೆದು ಮತ್ತೆ ಆ ಲೆಕ್ಕಕ್ಕೆ ಮರಳಬೇಕು. ಲಕ್ಕಮ್ಮನಂಥ ಒಬ್ಬಳು ತನಿಖೆಗಾರ್ತಿ ಪ್ರತಿ ವಿದ್ಯಾರ್ಥಿಯ ಮನಸ್ಸಿನಲ್ಲೂ ಇರಬೇಕು.

ಈ ವಾದಕ್ಕೆ ಮೊದಲ ಆಕ್ಷೇಪ ಕಾಲದ್ದು. ಒಂದು ಲೆಕ್ಕಕ್ಕೆ 80 ಸೆಕೆಂಡು ಇರುವಾಗ ಉಪಪತ್ತಿಗೆ ಪುರುಸೊತ್ತು ಎಲ್ಲಿದೆ? ಜೆಇಇ ಮೇನ್‌ನಲ್ಲಿ ಮೂರು ಗಂಟೆಗೆ 75 ಪ್ರಶ್ನೆ, ತಪ್ಪಿದರೆ ಅಂಕವೂ ಕಡಿತ. ಅಲ್ಲಿ ತತ್ತ್ವ ಹೇಳಿದರೆ ಕೇಳುವವರು ಯಾರು? ಈ ಆಕ್ಷೇಪ ಅಭ್ಯಾಸವನ್ನೂ ಪ್ರದರ್ಶನವನ್ನೂ ಒಂದೇ ಎಂದು ಭಾವಿಸುತ್ತದೆ. ಮಲೆ ಮಹದೇಶ್ವರನನ್ನು ಹಾಡುವ ಮಾದಪ್ಪನ ಗುಡ್ಡರು ಬೀಸು ಕಂಸಾಳೆ ಕುಣಿತ ಹಾಕುವಾಗ ತಾಳ ಎಣಿಸುತ್ತ ನಿಲ್ಲುವುದಿಲ್ಲ. ಕೈಯ ತಾಳ, ಮೈಯ ಬಾಗು, ಬಾಯ ಹಾಡು ಒಟ್ಟಿಗೆ ಸಾಗುತ್ತವೆ. ಆದರೆ ಆ ಓಟ ಬಂದದ್ದು ನಿಧಾನವಾಗಿ, ಒಂದೊಂದೇ ಪೆಟ್ಟನ್ನು ಅರಿತು ಕಲಿತದ್ದರಿಂದ. ಕಲಿಯುವ ದಿನವೇ ಜಾತ್ರೆಯ ವೇಗಕ್ಕೆ ಹೋದವನ ಕಂಸಾಳೆ ಕೈಗೇ ಬಡಿಯುತ್ತದೆ. ಲೆಕ್ಕದಲ್ಲೂ ವೇಗ ತಿಳಿವಿನ ಫಲ. ಮಾವಿನ ಲೆಕ್ಕದ ಸಮಪಾಲನ್ನು ಕಂಡವಳಿಗೆ ಆ ಪ್ರಶ್ನೆ ಐದು ಸೆಕೆಂಡಿನದು. ಆಪ್ಷನ್ ಹಾಕಿ ನೋಡುವವನಿಗೆ ಒಂದು ನಿಮಿಷದ್ದು.

ಇನ್ನೂ ಕಠಿಣವಾದ ಉದಾಹರಣೆ ಬೇಕೆಂದರೆ ದ್ವಿತೀಯ ಪಿಯುಸಿಯವರಿಗೆಲ್ಲ ಗೊತ್ತಿರುವ ಡೆಫಿನಿಟ್ ಇಂಟಿಗ್ರಲ್ ಒಂದನ್ನು ನೋಡಬಹುದು. ಮೇಲೆ ಸೈನ್ ಎಕ್ಸ್, ಕೆಳಗೆ ಸೈನ್ ಎಕ್ಸ್ ಮತ್ತು ಕಾಸ್ ಎಕ್ಸ್‌ಗಳ ಮೊತ್ತ. ಮಿತಿ ಸೊನ್ನೆಯಿಂದ ಪೈ ಬೈ ಟೂ ವರೆಗೆ. ಉತ್ತರ ಪೈ ಬೈ ಫೋರ್ ಎಂದು ಬಹುಮಂದಿಗೆ ಬಾಯಿಪಾಠ. ‘ಮಿತಿಗಳ ಅಂತರದ ಅರ್ಧ’ ಎಂಬ ಶಾರ್ಟ್‌ಕಟ್ಟನ್ನೂ ಕಲಿತಿರುತ್ತಾರೆ. ಪ್ರಶ್ನೆಯಲ್ಲಿ ಮೇಲಿನ ಮಿತಿಯನ್ನು ಪೈ ಬೈ ತ್ರೀ ಎಂದು ಬದಲಿಸಿದರೆ ಶಾರ್ಟ್‌ಕಟ್ಟಿನವರು ಪೈ ಬೈ ಸಿಕ್ಸ್ ಎಂದು ಬರೆಯುತ್ತಾರೆ, ತಪ್ಪುತ್ತಾರೆ. ಆ ಅರ್ಧ ಬಂದದ್ದು ಎಲ್ಲಿಂದ? ಎಕ್ಸ್ ಇದ್ದಲ್ಲಿ ಪೈ ಬೈ ಟೂ ಮೈನಸ್ ಎಕ್ಸ್ ಇಟ್ಟರೆ ಸೈನ್ ಕಾಸ್ ಆಗುತ್ತದೆ, ಕಾಸ್ ಸೈನ್ ಆಗುತ್ತದೆ. ಮಿತಿಗಳು ಒಟ್ಟಿನಲ್ಲಿ ಅವೇ ಉಳಿಯುತ್ತವೆ. ಅಂದರೆ ಒಂದೇ ಮೊತ್ತವನ್ನು ದಾರಿಯ ಈ ತುದಿಯಿಂದಲೂ ಆ ತುದಿಯಿಂದಲೂ ಬರೆದಂತಾಯಿತು. ಎರಡನ್ನೂ ಕೂಡಿಸಿದರೆ ಮೇಲಿನದೂ ಕೆಳಗಿನದೂ ಒಂದೇ ಆಗಿ, ಬರಿಯ ‘ಒಂದ’ರ ಇಂಟಿಗ್ರಲ್ ಉಳಿಯುತ್ತದೆ: ಪೈ ಬೈ ಟೂ. ಅದರ ಅರ್ಧ ನಮ್ಮ ಉತ್ತರ. ಮಿತಿಗಳೆರಡರ ಮೊತ್ತ ಪೈ ಬೈ ಟೂ ಆಗಿದ್ದಾಗ ಮಾತ್ರ ಈ ಅದಲುಬದಲು ನಡೆಯುತ್ತದೆಂದು ಅರಿತವಳು, ಪೈ ಬೈ ಸಿಕ್ಸ್‌ನಿಂದ ಪೈ ಬೈ ತ್ರೀ ವರೆಗೆ ಕೇಳಿದರೆ ಪೈ ಬೈ ಟ್ವೆಲ್ವ್ ಎಂದು ಹೇಳುತ್ತಾಳೆ. ಸೊನ್ನೆಯಿಂದ ಪೈ ಬೈ ತ್ರೀ ವರೆಗೆ ಕೇಳಿದರೆ ನಿಂತು ಬೇರೆ ದಾರಿ ಹುಡುಕುತ್ತಾಳೆ. ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಎಂಬ ವಿವೇಕ ಕಾರಣ ತಿಳಿದವಳಿಗೆ ಮಾತ್ರ ಬರುತ್ತದೆ. ಪರೀಕ್ಷೆಯ ದೃಷ್ಟಿಯಿಂದಲೂ ಅದು ನಷ್ಟದ ಬಾಬಲ್ಲ.

ಎರಡನೆಯ ಆಕ್ಷೇಪ ಫಲದ್ದು, ಮತ್ತು ಅದು ಹೆಚ್ಚು ಗಂಭೀರವಾದದ್ದು. ಫಲದ ಆಸೆ ಬಿಟ್ಟು ಕರ್ಮ ಮಾಡು ಎಂಬ ಗೀತೆಯ ಉಪದೇಶವನ್ನು ಸಾಲ ಮಾಡಿ ಫೀಸು ಕಟ್ಟಿದ ರೈತನ ಮಗಳಿಗೆ ಹೇಳುವುದು ಹೊಟ್ಟೆ ತುಂಬಿದವರ ಮಾತಾಗುವುದಿಲ್ಲವೇ? ಆಸೆ ಬಿಡು ಎಂದು ನಾನು ಹೇಳಲಾರೆ. ಹಾಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಸೀಟು ಬೇಕು, ಕೆಲಸ ಬೇಕು, ಮನೆಯ ಸಾಲ ತೀರಬೇಕು. ನನ್ನ ಮಾತು ಇಷ್ಟೇ: ರ‍್ಯಾಂಕ್ ಎಂಬ ಫಲದ ಸ್ವಭಾವವನ್ನು ತಿಳಿದಿರೋಣ. ರ‍್ಯಾಂಕ್ ಎಂದರೆ ಒಬ್ಬರ ಹಿಂದೆ ಒಬ್ಬರು ನಿಲ್ಲುವ ಸಾಲು. ಎಲ್ಲರೂ ಸಮನಾಗಿ ಹತ್ತು ಅಂಕ ಹೆಚ್ಚು ಪಡೆದರೂ ಸಾಲು ಅಲ್ಲಾಡುವುದಿಲ್ಲ. ಒಬ್ಬಳು ಮುಂದೆ ಬಂದರೆ ಇನ್ನೊಬ್ಬಳು ಹಿಂದಕ್ಕೆ ಸರಿಯಲೇಬೇಕು. ಪರೀಕ್ಷೆ ಬರೆದವರಲ್ಲಿ ಬಹುಪಾಲು ಮಂದಿಗೆ ಬಯಸಿದ ರ‍್ಯಾಂಕ್ ಸಿಗದಿರುವುದು ಯಾರ ತಪ್ಪಿನಿಂದಲೂ ಅಲ್ಲ, ಅದು ಆ ಲೆಕ್ಕದ ಕಟ್ಟೇ. ಅರಿವಿನ ಲೆಕ್ಕ ಬೇರೆ. ಮಾವಿನ ಹಂಚಿಕೆಯ ಗುಟ್ಟನ್ನು ಒಬ್ಬಳು ಇನ್ನೊಬ್ಬಳಿಗೆ ಹೇಳಿಕೊಟ್ಟರೆ ಇಬ್ಬರಲ್ಲೂ ಅದು ಪೂರ್ತಿ ಇರುತ್ತದೆ. ಎರಡು ವರ್ಷದ ದುಡಿಮೆಯನ್ನೆಲ್ಲ ಹಂಚಿದರೆ ಕಡಿಮೆಯಾಗುವ ಫಲದ ಮೇಲೆಯೇ ಹೂಡಿದ ಮಗುವಿಗೆ, ಆ ಫಲ ತಪ್ಪಿದ ದಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆಗ ಅದು ತನ್ನನ್ನೇ ಸೊನ್ನೆ ಎಂದುಕೊಳ್ಳುತ್ತದೆ. ಲೆಕ್ಕಗಳನ್ನು ಅರಿತು ಬಿಡಿಸಿದ ಮಗುವಿಗೆ ಸೀಟು ತಪ್ಪಿದರೂ ದುಃಖವಾಗುತ್ತದೆ, ಆದರೆ ಎರಡು ವರ್ಷ ವ್ಯರ್ಥವಾಗಿರುವುದಿಲ್ಲ. ಗೀತೆಯ ಮಾತಿಗೆ ನಾನು ಕಾಣುವ ಅರ್ಥ ಇದು: ಫಲ ನಿನ್ನ ಕೈಯಲ್ಲಿಲ್ಲ ಎಂಬುದು ಬೆದರಿಕೆಯಲ್ಲ, ಕೈಯಲ್ಲಿರುವುದನ್ನು ಗಟ್ಟಿಯಾಗಿ ಹಿಡಿ ಎಂಬ ಕಾಳಜಿ.

ಮೂರನೆಯ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಪರೀಕ್ಷೆಗೆಂದೇ ಮಾಡಿದ ಲೆಕ್ಕಗಳ ಪುಸ್ತಕದಿಂದ ನಿಜವಾದ ಅರಿವು ಬರುವುದು ಸಾಧ್ಯವೇ? ಬಾವಿಯೇ ಉಪ್ಪಾದರೆ ಕೊಡ ತೊಳೆದು ಏನು ಪ್ರಯೋಜನ? ಇದಕ್ಕೆ ಉತ್ತರ ಚಾಮರಾಜನಗರದ ಗಡಿಯಾಚೆಗೇ ಇದೆ. ತಾಳವಾಡಿಯ ಕನ್ನಡಿಗರಿರುವ ಈರೋಡ್ ಜಿಲ್ಲೆಯ ಈರೋಡಿನಲ್ಲಿ 1887ರಲ್ಲಿ ಹುಟ್ಟಿ ಕುಂಭಕೋಣದಲ್ಲಿ ಬೆಳೆದ ಶ್ರೀನಿವಾಸ ರಾಮಾನುಜನ್ ಕೈಗೆ ಹದಿನಾರರ ಆಸುಪಾಸಿನಲ್ಲಿ ಸಿಕ್ಕಿದ್ದು ಜಿ.ಎಸ್. ಕಾರ್ ಎಂಬವರ ‘ಸಿನಾಪ್ಸಿಸ್’. ಕಾರ್ ಕೇಂಬ್ರಿಜ್‌ನ ಟ್ರೈಪಾಸ್ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುತ್ತಿದ್ದ ಖಾಸಗಿ ಬೋಧಕ. ಆ ಪಾಠಗಳ ಟಿಪ್ಪಣಿಯಿಂದ ಬೆಳೆದ ಆ ಪುಸ್ತಕದಲ್ಲಿ ಸಾವಿರಾರು ಫಲಿತಾಂಶಗಳು ಸಾಲಾಗಿ ನಿಂತಿವೆ, ಉಪಪತ್ತಿಗಳು ಹೆಸರಿಗೆ ಮಾತ್ರ. ಟ್ರೈಪಾಸ್ ಕೂಡ ಆಗ ರ‍್ಯಾಂಕಿನ ಹುಚ್ಚಿನ ಪರೀಕ್ಷೆಯೇ. ಅಂಕದ ಕ್ರಮದಲ್ಲಿ ಹೆಸರು ಪ್ರಕಟಿಸುವ ಪದ್ಧತಿ ಅಲ್ಲಿ ನಿಂತದ್ದು 1909ರ ನಂತರ. ಕೋಚಿಂಗ್ ಪುಸ್ತಕವೊಂದು ಹೀಗೆ ಒಬ್ಬ ಬಡ ಹುಡುಗನ ಕೈಗೆ ಬಂತು. ಅವನು ಫಲಿತಾಂಶಗಳನ್ನು ಉರು ಹೊಡೆಯಲಿಲ್ಲ. ಪ್ರತಿಯೊಂದೂ ಏಕೆ ನಿಜ ಎಂದು ಸ್ಲೇಟಿನ ಮೇಲೆ ತಾನೇ ಕಂಡುಕೊಳ್ಳುತ್ತ ಹೋದ. ದೋಷ ಪುಸ್ತಕದಲ್ಲಿ ಇರಲಿಲ್ಲ, ಗುಣವೂ ಇರಲಿಲ್ಲ. ಅದನ್ನು ಹಿಡಿದ ರೀತಿಯಲ್ಲಿತ್ತು. ಅದೇ ರಾಮಾನುಜನ್ ಉಳಿದ ವಿಷಯಗಳಲ್ಲಿ ಫೇಲಾಗಿ ವಿದ್ಯಾರ್ಥಿವೇತನ ಕಳೆದುಕೊಂಡ ಎಂಬುದನ್ನೂ ಮರೆಯಬಾರದು. ಹೊರಗಿನ ಪರೀಕ್ಷೆಗೆ ಅದರದೇ ಬೆಲೆ ತೆರಬೇಕು, ಅದನ್ನು ಕಡೆಗಣಿಸುವುದು ಆದರ್ಶವಲ್ಲ.

ರಾಮಾನುಜನ್ ಹೆಸರೆತ್ತಿದ ಕೂಡಲೇ ಭಕ್ತರೊಬ್ಬರು ಕೇಳಬಹುದು: ಅವರಿಗೆ ಸೂತ್ರಗಳನ್ನು ಮನೆದೇವತೆ ನಾಮಗಿರಿ ತಾಯಿ ಅನುಗ್ರಹಿಸಿದಳಲ್ಲವೇ, ಅಲ್ಲಿ ಉಪಪತ್ತಿಯ ಮಾತೇನು? ಅವರೇ ಹಾಗೆ ನಂಬಿದ್ದರು, ಆ ನಂಬಿಕೆಯನ್ನು ಕೆಣಕುವ ಅಗತ್ಯ ನನಗಿಲ್ಲ. ಆದರೆ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಅವರು ಮಾಡಿದ ಕೆಲವು ಪ್ರತಿಪಾದನೆಗಳು ತಪ್ಪೆಂದು ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿ ಪರೀಕ್ಷಿಸಿ ತೋರಿಸಿದರು. ಅನುಗ್ರಹ ಎಲ್ಲಿಂದಲೇ ಬರಲಿ, ಬಂದದ್ದು ಅನುಗ್ರಹವೋ ಭ್ರಮೆಯೋ ಎಂದು ತಿಳಿಯಲು ಯುಕ್ತಿಯ ಒರೆಗಲ್ಲು ಬೇಕೇಬೇಕು. ತಾರ್ಕಿಕನೊಬ್ಬ ಇದಕ್ಕೆ ಎದುರಾದ ಮಾತೆತ್ತಬಹುದು: ಉಪಪತ್ತಿಯೂ ಕೊನೆಗೆ ಕೆಲವು ಮೂಲಭೂತ ನಿಯಮಗಳ ಮೇಲೆ ನಿಂತಿದೆ, ಅವುಗಳನ್ನು ಸಾಧಿಸದೆ ಒಪ್ಪುತ್ತೇವೆ, ಹಾಗಾದರೆ ಅದೂ ನಂಬಿಕೆಯೇ ಅಲ್ಲವೇ? ಹೌದು, ತಳದಲ್ಲಿ ನಂಬಿಕೆ ಇದೆ. ಆದರೆ ಆ ನಂಬಿಕೆ ಬಚ್ಚಿಟ್ಟದ್ದಲ್ಲ. ಯಾವುದನ್ನು ಒಪ್ಪಿ ಹೊರಟಿದ್ದೇವೆಂದು ಮೊದಲೇ ಹೇಳಿ, ಅಲ್ಲಿಂದ ಒಂದೊಂದು ಹೆಜ್ಜೆಯನ್ನೂ ಎಲ್ಲರ ಎದುರಿಗೆ ಇಡುತ್ತೇವೆ. ಯಾವ ಹೆಜ್ಜೆಯನ್ನಾದರೂ ಯಾರು ಬೇಕಾದರೂ ತಡೆದು ಪ್ರಶ್ನಿಸಬಹುದು.

‘ಯಾರು ಬೇಕಾದರೂ’ ಎಂಬ ಆ ಮಾತಿನಲ್ಲೇ ಉಡಿಗಾಲದ ಮಗಳಿಗೆ ಸೇರಬೇಕಾದ ಪಾಲಿದೆ. ಅವಳ ಮತ್ತು ದೊಡ್ಡ ನಗರದ ದುಬಾರಿ ಕೋಚಿಂಗಿನ ಹುಡುಗನ ನಡುವೆ ಹಣದ, ಭಾಷೆಯ, ಅನುಕೂಲದ ಅಂತರವಿದೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಎದುರಿಸುವ ಕಷ್ಟ ಅವಳದು. ಸರ್ಕಾರ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಸೀಟು ಮೀಸಲಿಟ್ಟಿರುವುದು ಈ ಅಂತರವನ್ನು ಒಪ್ಪಿಕೊಂಡೇ. ಆದರೆ ಉಪಪತ್ತಿಯ ಮುಂದೆ ಈ ಅಂತರಗಳಿಗೆ ಬೆಲೆಯಿಲ್ಲ. ಅವಳ ಹೆಜ್ಜೆ ಸರಿಯಿದ್ದರೆ ದೊಡ್ಡ ಪ್ರೊಫೆಸರರೂ ತಲೆಬಾಗಬೇಕು. ತಪ್ಪಿದ್ದರೆ ರಾಜನ ಮಗನ ಲೆಕ್ಕವೂ ಬೀಳುತ್ತದೆ. ಕನ್ನಡಕ್ಕೂ ಇಲ್ಲಿ ಜಾಗವಿದೆ. 12ನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದ. ನೆರೆಯ ಕೇರಳದಲ್ಲಿ 16ನೇ ಶತಮಾನದಲ್ಲಿ ಜ್ಯೇಷ್ಠದೇವ ಅನಂತ ಶ್ರೇಣಿಗಳ ಉಪಪತ್ತಿಗಳನ್ನು ವಿಸ್ತಾರವಾಗಿ ಬರೆದ ‘ಯುಕ್ತಿಭಾಷಾ’ ಮಲಯಾಳಂನಲ್ಲಿದೆ. ಯುಕ್ತಿಯನ್ನು ಜನರ ಮಾತಿನಲ್ಲಿ ಹೇಳಬಹುದೆಂಬುದಕ್ಕೆ ಇವು ಸಾಕ್ಷಿ. ಪ್ರಶ್ನೆ ಇಂಗ್ಲಿಷಿನಲ್ಲಿ ಇರಲಿ, ಸೂತ್ರ ಇಂಗ್ಲಿಷಿನಲ್ಲಿ ಇರಲಿ. ‘ಏಕೆ’ ಎಂಬುದು ಮನಸ್ಸಿಗೆ ಹೊಳೆಯುವುದು ಮನೆಮಾತಿನಲ್ಲೇ. ಅದನ್ನು ಮನೆಮಾತಿನಲ್ಲೇ ಬರೆದುಕೊಳ್ಳಲು ನಾಚಬೇಕಾಗಿಲ್ಲ.

ಚಾಮರಾಜನಗರ ಸೀಮೆಯ ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿಯ ಕಥೆಯಲ್ಲಿ ಒಂದು ಪರೀಕ್ಷೆ ಬರುತ್ತದೆ. ಮಂಟೇಸ್ವಾಮಿ ಹೇಸಿಗೆ ಹುಟ್ಟಿಸುವ ವೇಷದಲ್ಲಿ ಕಲ್ಯಾಣಕ್ಕೆ ಬಂದು ಶರಣರನ್ನು ಪರೀಕ್ಷಿಸುತ್ತಾನೆ. ವೇಷ ನೋಡಿ ಅಳೆದವರು ಸೋಲುತ್ತಾರೆ. ಅಲ್ಲಿ ಆಪ್ಷನ್ ಇರಲಿಲ್ಲ, ಕೊನೆಯ ಪುಟದ ಕೀ ಇರಲಿಲ್ಲ. ಎದುರಿಗಿರುವುದು ಏನೆಂದು ತಾನೇ ಗುರುತಿಸಬೇಕಿತ್ತು. ಸಿಇಟಿ ಮುಗಿದು, ಸೀಟು ಸಿಕ್ಕಿ, ಎಂಜಿನಿಯರ್ ಆದ ಮೇಲೆ ಎದುರಾಗುವ ಪರೀಕ್ಷೆಗಳೆಲ್ಲ ಆ ಬಗೆಯವೇ. ಕಟ್ಟುವ ಸೇತುವೆಯ ಲೆಕ್ಕಕ್ಕೆ ಹಿಂಬದಿಯ ಪುಟದಲ್ಲಿ ಉತ್ತರ ಇರುವುದಿಲ್ಲ. ಆದ್ದರಿಂದ ಪಿಯು ಮಕ್ಕಳಲ್ಲಿ ನನ್ನ ಕೋರಿಕೆ ಒಂದೇ. ದಿನಕ್ಕೆ ಐವತ್ತು ಲೆಕ್ಕ ಬಿಡಿಸುತ್ತೀರಾದರೆ ಬಿಡಿಸಿ, ಟ್ರಿಕ್ ಬಳಸಬೇಕಾದಲ್ಲಿ ಬಳಸಿ. ಆದರೆ ಅವುಗಳಲ್ಲಿ ಐದನ್ನಾದರೂ ಆರಿಸಿ, ಕೀ ನೋಡುವ ಮುಂಚೆ ಉತ್ತರದ ಕೆಳಗೆ ‘ಏಕೆಂದರೆ’ ಎಂದು ಬರೆದು ಒಂದು ವಾಕ್ಯವನ್ನು ಕನ್ನಡದಲ್ಲಿ ಪೂರ್ತಿ ಮಾಡಿ. ಪೂರ್ತಿಯಾಗದಿದ್ದರೆ ಅಲ್ಲಿ ರೈಟ್ ಹಾಕಬೇಡಿ. ಮೇಷ್ಟರು ನೋಟ್‌ಬುಕ್ ನೋಡುವಾಗ ಎಷ್ಟು ರೈಟ್ ಬಿದ್ದಿವೆ ಎಂಬುದರ ಜೊತೆಗೆ ಎಷ್ಟು ‘ಏಕೆಂದರೆ’ ಇವೆ ಎಂಬುದನ್ನೂ ಎಣಿಸಲಿ. ತಂದೆತಾಯಿ ಮಾಕ್ ಟೆಸ್ಟಿನ ಅಂಕ ಕೇಳಿದ ಮೇಲೆ, ಇವತ್ತು ಯಾವ ಲೆಕ್ಕ ಅರ್ಥವಾಯಿತು, ನಮಗೂ ಹೇಳು ಎಂದು ಒಮ್ಮೆ ಕೇಳಲಿ.